ತುಳಿದವರು ಯಾರು?

ಇಂಗ್ಲಿಷ್ ನಿಘಂಟು ತೆಗೆದು ‘ಡಿಪ್ರೆಸ್ಡ್’ ಎಂಬ ಮಾತಿಗೆ ಅರ್ಥ ಹುಡುಕಿದರೆ ಖಿನ್ನ, ಕುಗ್ಗಿದ, ಮಂಕಾದ, ಎದೆಗುಂದಿದ ಅಂತ ಸಾಲುಸಾಲಾಗಿ ಸಿಗುತ್ತವೆ. ವ್ಯಾಪಾರ ಬಿದ್ದುಹೋದರೂ ಅದೇ ಮಾತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೂ ಅದರ ಹೆಸರು ‘ಡಿಪ್ರೆಶನ್’. ಲ್ಯಾಟಿನ್ ಮೂಲಕ್ಕೆ ಹೋದರೆ ಅರ್ಥ ಒಂದೇ: ಕೆಳಕ್ಕೆ ಒತ್ತುವುದು.

ಇದೇ ಮಾತು ಹತ್ತಾರು ವರ್ಷ ನಮ್ಮ ಅಜ್ಜ ಮುತ್ತಜ್ಜಂದಿರ ಹೆಸರಾಗಿತ್ತು. ಸರ್ಕಾರಿ ಕಾಗದದಲ್ಲಿ ಅವರು ‘ಡಿಪ್ರೆಸ್ಡ್ ಕ್ಲಾಸಸ್’. ಅವರಲ್ಲಿ ಬಹುಪಾಲು ಮಂದಿಗೆ ಆ ಹೆಸರನ್ನು ಓದಲೂ ಬರುತ್ತಿರಲಿಲ್ಲ. ಅಕ್ಷರ ಕೊಡದ ಸಮಾಜವೇ ಹೆಸರು ಕೊಟ್ಟಿತ್ತು.

ಹಾಗಂತ ಆ ಹೆಸರು ಬಳಸಿದವರೆಲ್ಲ ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಮಂಗಳೂರಿನಲ್ಲಿ 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಕಟ್ಟಿದ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರಕ್ಕೆ ಎದೆಕೊಟ್ಟು ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದವರು. ನಮ್ಮ ಜಮಖಂಡಿಯಲ್ಲೇ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಇಂಥದೇ ಸಂಸ್ಥೆ ಶುರು ಮಾಡಿದರು. ಇಂಗ್ಲಿಷಿನಲ್ಲಿ ಅದು ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸೊಸೈಟಿ’. ಮರಾಠಿಯಲ್ಲಿ ‘ನಿರಾಶ್ರಿತ’ರಿಗೆ ನೆರವಾಗುವ ಮಂಡಳಿ. ನೋಡಿ, ಭಾಷೆ ದಾಟುವಾಗ ‘ಒತ್ತಲ್ಪಟ್ಟವರು’ ಹೋಗಿ ‘ಆಸರೆ ಇಲ್ಲದವರು’ ಆದರು. ಒತ್ತಿದ ಕೈ ಮಾಯ. ಕರುಣೆ ಮಾತ್ರ ಉಳಿಯಿತು.

ಅಂಬೇಡ್ಕರ್ 1924ರಲ್ಲಿ ಸಂಘ ಕಟ್ಟಿದಾಗ ‘ಬಹಿಷ್ಕೃತ ಹಿತಕಾರಿಣಿ ಸಭಾ’ ಎಂದು ಕರೆದರು. ಬಹಿಷ್ಕೃತ ಅಂದರೆ ಬಹಿಷ್ಕಾರ ಹಾಕಿದವನೊಬ್ಬ ಇದ್ದೇ ಇರಬೇಕಲ್ಲ! 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಅವರು ಮತ್ತು ರೆಟ್ಟಮಲೈ ಶ್ರೀನಿವಾಸನ್ ಕೊಟ್ಟ ಮನವಿಯಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್’ ಎಂಬ ಹೆಸರನ್ನೇ ಬದಲಾಯಿಸಿ ಎಂದು ಕೇಳಿದರು. ಈ ಹೆಸರು ಕೇಳಿದವರು ಇದು ನಿಸ್ಸಹಾಯಕರ, ಕೀಳು ಜನರ ಗುಂಪು ಎಂದುಕೊಳ್ಳುತ್ತಾರೆ ಎಂಬುದು 1932ರಲ್ಲಿ ಮತಾಧಿಕಾರ ಸಮಿತಿಯ ಮುಂದೆ ಅವರು ಎತ್ತಿದ ತಕರಾರು.

1931ರ ಜನಗಣತಿಯಲ್ಲಿ ಕಮಿಷನರ್ ಹಟ್ಟನ್ ‘ಹೊರಗಿನ ಜಾತಿಗಳು’ ಎಂದು ಬರೆದ. ಹೊಲಗೇರಿ ಊರ ಹೊರಗಿತ್ತು, ಅದೇ ಹೆಸರಾಯಿತು. 1935ರ ಭಾರತ ಸರ್ಕಾರದ ಕಾಯ್ದೆ ‘ಷೆಡ್ಯೂಲ್ಡ್ ಕ್ಯಾಸ್ಟ್ಸ್’ ಎಂದಿತು, 1936ರಲ್ಲಿ ಪಟ್ಟಿ ಬಂತು. ಪಟ್ಟಿಯಲ್ಲಿ ಬರೆದ ಜಾತಿ, ಪರಿಶಿಷ್ಟ ಜಾತಿ. ಈ ಹೆಸರಲ್ಲಿ ನೋವೂ ಇಲ್ಲ, ಬೈಗುಳವೂ ಇಲ್ಲ, ಚರಿತ್ರೆಯೂ ಇಲ್ಲ. ಆದರೆ ಹಕ್ಕು ಇದೆ. ಹಾಸ್ಟೆಲು, ಫೀಸು, ನೌಕರಿ ಸಿಕ್ಕಿದ್ದು ಈ ಬರಡು ಮಾತಿನಿಂದಲೇ ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಕಡೆ ಗಾಂಧೀಜಿ 1933ರಲ್ಲಿ ‘ಹರಿಜನ’ ಪತ್ರಿಕೆ ಶುರು ಮಾಡಿದರು. ದೇವರ ಮಕ್ಕಳು ಎಂದರು, ದೇವಸ್ಥಾನದ ಬಾಗಿಲು ಮಾತ್ರ ಮುಚ್ಚೇ ಇತ್ತು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಈ ಹೆಸರನ್ನು ಕಾನೂನಿಗೇ ಸೇರಿಸಲು ಹೊರಟಾಗ ಅಂಬೇಡ್ಕರ್ ತಮ್ಮ ಪಕ್ಷದವರೊಂದಿಗೆ ಸಭೆಯಿಂದ ಎದ್ದು ಹೊರನಡೆದರು. ಯಾರ ಹೆಸರೋ ಅವರನ್ನೇ ಕೇಳದಿದ್ದರೆ ಅದು ಎಂಥ ಪ್ರೀತಿ?

ಮೈಸೂರು ಸೀಮೆಯಲ್ಲಿ ‘ಪಂಚಮ’ ಎಂಬುದು ಹೋಗಿ 1920ರ ದಶಕದಲ್ಲಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಬಂದವು. ಈ ನೆಲದ ಮೊದಲಿಗರು ನಾವು ಎಂಬ ಹೆಮ್ಮೆ ಅದರಲ್ಲಿತ್ತು. ಮುಂದೆ 1970ರ ದಶಕದಲ್ಲಿ ನಮ್ಮವರು ಬೇರೆ ದಾರಿ ಹಿಡಿದರು. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಸಂಕಲನಕ್ಕೆ ‘ಹೊಲೆ ಮಾದಿಗರ ಹಾಡು’ ಎಂದೇ ಹೆಸರಿಟ್ಟರು. ಬೈಗುಳವಾಗಿದ್ದ ಮಾತು ಪುಸ್ತಕದ ಮುಖಪುಟಕ್ಕೆ ಏರಿತು. ಮುಂಬಯಿಯಲ್ಲಿ 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್, ಇಲ್ಲಿ ದಲಿತ ಸಂಘರ್ಷ ಸಮಿತಿ, ‘ದಲಿತ’ ಎಂಬ ಮಾತನ್ನು ಕೇರಿಕೇರಿಗೆ ಮುಟ್ಟಿಸಿದವು. ಸಂಸ್ಕೃತದ ‘ದಲ’ ಧಾತುವಿಗೆ ಸೀಳು, ಒಡೆ ಎಂದರ್ಥ. ಅರ್ಥ ನೋಡಿದರೆ ಅದೂ ‘ಡಿಪ್ರೆಸ್ಡ್’ನ ಹತ್ತಿರದ ನೆಂಟನೇ. ಆದರೆ ಮೊದಲನೆಯದನ್ನು ಹೆಚ್ಚಾಗಿ ಬೇರೆಯವರು ನಮಗಂದರು. ಎರಡನೆಯದನ್ನು ನಾವೇ ಬೀದಿಯಲ್ಲಿ ನಿಂತು ಕೂಗಿದೆವು. ವ್ಯತ್ಯಾಸ ನಿಘಂಟಿನಲ್ಲಿಲ್ಲ, ಗಂಟಲಿನಲ್ಲಿದೆ.

ನಮ್ಮ ಹಳ್ಳಿ ಮಾತನ್ನೇ ನೋಡಿ. ‘ತುಳಿಯಲ್ಪಟ್ಟವರು’ ಅಂತ ಯಾರೂ ಮಾತಾಡುವುದಿಲ್ಲ, ಅದು ಪುಸ್ತಕದ ಮಾತು. ನಮ್ಮವ್ವಂದಿರು ‘ತುಳುದ್ರು ಕಣಪ್ಪ’ ಅಂತಾರೆ. ಅಂದ ಕೂಡಲೇ ‘ಯಾರು?’ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ‘ಹಿಂದುಳಿದವರು’ ಅಂದರೋ, ಆ ಪ್ರಶ್ನೆಯೇ ಸತ್ತುಹೋಗುತ್ತದೆ, ತಾವಾಗಿಯೇ ಹಿಂದೆ ಕೂತುಬಿಟ್ಟ ಹಾಗೆ! ಉಳಿದರೋ, ತಳ್ಳಿದರೋ?

ಇದು ಬರೀ ಹಳೇ ಕತೆಯಲ್ಲ. 2018ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ‘ದಲಿತ’ ಎನ್ನದೆ ‘ಪರಿಶಿಷ್ಟ ಜಾತಿ’ ಎನ್ನಿ ಎಂದು ಟಿವಿ ವಾಹಿನಿಗಳಿಗೆ ಸಲಹೆ ಕಳಿಸಿತು. ಇತ್ತ ‘ಆದಿ ಕರ್ನಾಟಕ’ ಎಂದು ಬರೆಸಿದವರು ಹೊಲೆಯರೋ ಮಾದಿಗರೋ ಎಂಬುದು ಒಳಮೀಸಲಾತಿಯ ದೊಡ್ಡ ಗಂಟಾಯಿತು. 2025ರಲ್ಲಿ ನಾಗಮೋಹನ್ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿದಾಗ ಜನ ಮೂಲಜಾತಿಯ ಹೆಸರು ಹೇಳಬೇಕಾಯಿತು. ಹೆಮ್ಮೆಯಿಂದ ಇಟ್ಟುಕೊಂಡ ಹೆಸರೂ ಲೆಕ್ಕದ ದಿನ ಹಂಚಿಕೆಗೆ ಅಡ್ಡ ಬಂತು.

ಮತ್ತೆ ಆ ಇಂಗ್ಲಿಷ್ ಮಾತು? ಅದು ಸಮುದಾಯದ ಹೆಸರಾಗಿ ಸತ್ತು ಮನಸ್ಸಿನ ಕಾಯಿಲೆಯ ಹೆಸರಾಗಿ ಉಳಿದಿದೆ. ಕಾಯಿಲೆ ನಿಜ, ಅದಕ್ಕೆ ಡಾಕ್ಟರು ಬೇಕು, ನಾಚಿಕೆ ಬೇಡ. ಆದರೆ ಹಾಸ್ಟೆಲಿನಲ್ಲಿ ಜಾತಿ ಕೇಳಿ, ನಕ್ಕು, ದೂರ ಕೂರಿಸಿದ ಮೇಲೆ ನಮ್ಮ ಹುಡುಗನೊಬ್ಬ ಕುಸಿದರೆ ‘ಅವನು ಡಿಪ್ರೆಸ್ಡ್ ಆಗಿದ್ದ’ ಅಂತ ಷರಾ ಬರೆದು ಫೈಲು ಮುಚ್ಚುವುದು ಮಾತ್ರ ಮೋಸ. ಆಗಲೂ ಕೇಳಬೇಕಾದ್ದು ಅದೇ ಪ್ರಶ್ನೆ: ಒತ್ತಿದವರು ಯಾರು?

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ. ಪಾಠದಲ್ಲಿ ‘ಶೋಷಿತ’, ‘ದಮನಿತ’, ‘ಹಿಂದುಳಿದ’ ಎಂಬ ಮಾತು ಬಂದಾಗ ಅರ್ಥ ಬರೆಸಿ ಸುಮ್ಮನಾಗಬೇಡಿ. ಆ ಮಾತನ್ನಿಟ್ಟು ಒಂದು ಪೂರ್ತಿ ವಾಕ್ಯ ಮಾಡಿಸಿ. ಅದರಲ್ಲಿ ಕರ್ತೃಪದ ಇರಲಿ.