ಸೋತವರ ಕಡೆ ನಿಂತೂ ಸೋಲದ ದೇಶ

ಎರಡನೇ ಮಹಾಯುದ್ಧ ಅಂದ ಕೂಡಲೇ ನಮಗೆ ಹಿಟ್ಲರ್, ಹಿರೋಷಿಮಾ ನೆನಪಾಗುತ್ತವೆ. ಥಾಯ್ಲೆಂಡಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಜಪಾನಿನ ಜೊತೆ ನಿಂತು, ಜಪಾನ್ ಸೋತ ಮೇಲೂ ಸೋತ ದೇಶ ಅನ್ನಿಸಿಕೊಳ್ಳದೆ ಪಾರಾದ ದೇಶ ಅದು. ಅದಕ್ಕೇ ಅದರ ಕತೆಯನ್ನು ಇಲ್ಲಿ ಹೇಳಬೇಕು ಅನ್ನಿಸಿತು.

1938ರ ಕೊನೆಗೆ ಸೇನಾಧಿಕಾರಿ ಫಿಬುನ್ ಸೊಂಗ್‌ಖ್ರಾಮ್ ಪ್ರಧಾನಿಯಾದರು. ಮರುವರ್ಷವೇ ಸಯಾಂ ಎಂಬ ಹೆಸರು ಹೋಗಿ ಥಾಯ್ಲೆಂಡ್ ಆಯಿತು. ಬರ್ಮಾ, ಮಲಯಾದಲ್ಲಿ ಬ್ರಿಟಿಷರು. ಪೂರ್ವಕ್ಕೆ ಇಂಡೋಚೀನಾದಲ್ಲಿ ಫ್ರೆಂಚರು. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದದ್ದೇ ತಡ, ಹಿಂದೆ ಕಳಕೊಂಡ ನೆಲಕ್ಕಾಗಿ ಫಿಬುನ್ ಇಂಡೋಚೀನಾದ ಮೇಲೆ ಕಾದಾಟಕ್ಕಿಳಿದರು. ಜಪಾನ್ ನಡುವೆ ಬಂದು ಪಂಚಾಯ್ತಿ ಮಾಡಿ, 1941ರ ಮೇ ತಿಂಗಳಲ್ಲಿ ಬಟ್ಟಂಬಾಂಗ್ ಮುಂತಾದ ಪ್ರದೇಶ ಕೊಡಿಸಿತು. ಪಂಚಾಯ್ತಿ ಮಾಡಿದವನು ಬಿಟ್ಟಿ ಮಾಡ್ತಾನೆಯೇ?

ಅದೇ ಡಿಸೆಂಬರ್ 8ರಂದು ಜಪಾನಿ ಸೈನ್ಯ ಸೊಂಗ್‌ಖ್ಲಾ, ಪಟ್ಟಾನಿ ತೀರಗಳಲ್ಲಿ ಇಳಿಯಿತು. ಕೆಲವು ಗಂಟೆಗಳಲ್ಲೇ ಸರ್ಕಾರ ಕದನ ನಿಲ್ಲಿಸಿ ದಾರಿ ಬಿಟ್ಟಿತು. 21ರಂದು ಬ್ಯಾಂಕಾಕಿನ ಪಚ್ಚೆ ಬುದ್ಧನ ದೇಗುಲದಲ್ಲಿ ಮೈತ್ರಿಗೆ ಸಹಿಯಾಯಿತು. 1942ರ ಜನವರಿ 25ರಂದು ಬ್ರಿಟನ್, ಅಮೆರಿಕಗಳ ಮೇಲೆ ಯುದ್ಧ ಘೋಷಣೆ.

ಇಲ್ಲೇ ಇರೋದು ಸ್ವಾರಸ್ಯ. ವಾಷಿಂಗ್ಟನ್ನಿನಲ್ಲಿದ್ದ ರಾಯಭಾರಿ ಸೆನಿ ಪ್ರಮೋಜ್ ಆ ಘೋಷಣೆಯನ್ನು ಅಮೆರಿಕಕ್ಕೆ ತಲುಪಿಸಲು ಒಪ್ಪಲೇ ಇಲ್ಲ. ಅಮೆರಿಕವೂ ತಿರುಗಿ ಯುದ್ಧ ಸಾರಲಿಲ್ಲ. ಸೆನಿ ಅಲ್ಲೇ ಸ್ವತಂತ್ರ ಥಾಯ್ ಚಳವಳಿ ಕಟ್ಟಿದರು. ಬ್ಯಾಂಕಾಕಿನಲ್ಲಿ ರಾಜಪ್ರತಿನಿಧಿ ಪ್ರಿದಿ ಫನೊಮ್ಯೊಂಗ್ ಜಪಾನಿಯರ ಮೂಗಿನಡಿಯಲ್ಲೇ ಗುಟ್ಟಾಗಿ ಅದನ್ನು ನಡೆಸಿದರು.

ಜಪಾನಿನ ಬಲ ಕುಸಿಯುತ್ತಿದ್ದಂತೆ, 1944ರಲ್ಲಿ ಫಿಬುನ್ ಸಂಸತ್ತಿನಲ್ಲಿ ಸೋತು ಇಳಿದರು. 1945ರ ಆಗಸ್ಟ್ 16ರಂದು ಪ್ರಿದಿ, ಆ ಯುದ್ಧ ಘೋಷಣೆಯೇ ಅಸಿಂಧು ಅಂತ ಸಾರಿಬಿಟ್ಟರು. ಸೆನಿ ಪ್ರಧಾನಿಯಾದರು. ಬ್ರಿಟಿಷರು ಮಾತ್ರ ಸುಮ್ಮನಿರಲಿಲ್ಲ. 15 ಲಕ್ಷ ಟನ್ ಅಕ್ಕಿ ಪುಕ್ಕಟೆ ಕೊಡಿ ಅಂತ 1946ರ ಜನವರಿ 1ರ ಒಪ್ಪಂದದಲ್ಲಿ ಬರೆಸಿಕೊಂಡರು. ಆ ವರ್ಷದ ಕೊನೆಗೆ ಬಟ್ಟಂಬಾಂಗ್ ಫ್ರೆಂಚರಿಗೆ ವಾಪಸು, ಥಾಯ್ಲೆಂಡಿಗೆ ವಿಶ್ವಸಂಸ್ಥೆಯ ಸದಸ್ಯತ್ವ.

ಇದನ್ನು ಜಾಣತನ ಅನ್ನುವವರಿದ್ದಾರೆ, ಗಾಳಿ ಬಂದಾಗ ತೂರಿಕೊಳ್ಳುವ ಬುದ್ಧಿ ಅನ್ನುವವರೂ ಇದ್ದಾರೆ. ದೊಡ್ಡವರ ನಡುವೆ ಸಿಕ್ಕ ಸಣ್ಣ ದೇಶಕ್ಕೆ ಬೇರೆ ದಾರಿ ಕಡಿಮೆ ಅಂತ ನಾನೂ ಒಪ್ಪುತ್ತೇನೆ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಜಪಾನಿಯರು ಥಾಯ್ಲೆಂಡಿನಿಂದ ಬರ್ಮಾಕ್ಕೆ ಹಾಕಿಸಿದ 415 ಕಿಲೋಮೀಟರ್ ರೈಲುಹಾದಿಯಲ್ಲಿ 12 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಮಲಯಾದ ತೋಟಗಳಿಂದ ಒಯ್ದ ತಮಿಳರು, ಬರ್ಮೀಯರು ಮುಂತಾದ ಕೂಲಿಗಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬಟ್ಟಂಬಾಂಗಿನ ರೈತ ಮನೆ ಬಿಟ್ಟು ಕದಲದಿದ್ದರೂ ಆರು ವರ್ಷದೊಳಗೆ ಎರಡು ಸಲ ಬಾವುಟ ಬದಲಾಯಿತು. ಗಡಿಯಲ್ಲಿ ಬಾಳುವ ನಮಗೆ ಅವನ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ದೇಶ ಪಾರಾಯಿತು ಅಂತ ಓದುವಾಗೆಲ್ಲ, ಯಾರ್‍ಯಾರು ಪಾರಾಗಲಿಲ್ಲ ಅಂತಲೂ ನಾವು ಕೇಳಬೇಕು.