ಮತ್ತೊಂದು ವೃತ್ತಿಯ ಬಳಿಕ ವಿದೇಶದಲ್ಲಿ ಶಿಕ್ಷಕ ಹುದ್ದೆ: ಅರ್ಹತೆ, ಅವಕಾಶ, ಎಚ್ಚರಿಕೆ

ಬ್ಯಾಂಕು, ಕಾರ್ಖಾನೆ, ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದವರು ನಡುವಯಸ್ಸಿನಲ್ಲಿ ಬೋಧನೆಯತ್ತ ಮುಖ ಮಾಡುವುದು ಹೊಸ ಸಂಗತಿಯಲ್ಲ. ಆ ಬೋಧನೆ ಹೊರದೇಶದಲ್ಲೇ ಆಗಲಿ ಎಂದು ಬಯಸುವವರೂ ಕಡಿಮೆಯಿಲ್ಲ. ಇಂಗ್ಲಿಷ್ ಸರಾಗವಾಗಿ ಬರುತ್ತದೆ, ಪದವಿಯಿದೆ, ಅನುಭವವಿದೆ; ಇನ್ನೇನು ಬೇಕು ಎಂಬುದು ಇಂಥವರ ಸಹಜ ಪ್ರಶ್ನೆ. ಆದರೆ ಶಾಲೆಯ ಮುಖ್ಯಸ್ಥರಿಗಿಂತ ಮೊದಲು ಅಭ್ಯರ್ಥಿಯನ್ನು ಅಳೆಯುವುದು ಆಯಾ ದೇಶದ ವೀಸಾ ನಿಯಮ. ಆ ನಿಯಮಗಳು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತವೆ: ಹಿಂದಿನ ವೃತ್ತಿ ತರಗತಿಯಲ್ಲಿ ಕಲಿಸುವ ವಿಷಯವಾಗಿ ಬದಲಾದಾಗ ಮಾತ್ರ ಅದಕ್ಕೆ ಬೆಲೆ. ಕೇವಲ ಇಂಗ್ಲಿಷ್ ಬಲ್ಲೆನೆಂಬ ನಂಬಿಕೆಯಿಂದ ಕೆಲಸ ಬಿಟ್ಟು ಹೊರಡುವ ಭಾರತೀಯನಿಗೆ ಹಲವು ಬಾಗಿಲುಗಳು ಮುಚ್ಚಿಯೇ ಇರುತ್ತವೆ.

ಭಾರತೀಯ ಶಿಕ್ಷಕರು ಹೊರದೇಶಗಳಿಗೆ ಹೋದ ಇತಿಹಾಸವೂ ಇದನ್ನೇ ಹೇಳುತ್ತದೆ. ಸಾಮ್ರಾಟ ಹೈಲೆ ಸೆಲಾಸಿಯ ಆಳ್ವಿಕೆಯಲ್ಲಿ ಇಥಿಯೋಪಿಯಾದ ಶಾಲೆಗಳಲ್ಲಿ ನೂರಾರು ಭಾರತೀಯರು ಪಾಠ ಮಾಡಿದರು. ಮಾಲ್ಡೀವ್ಸ್ ದ್ವೀಪಗಳ ಶಾಲೆಗಳೂ ಭಾರತೀಯ ಶಿಕ್ಷಕರನ್ನು ದೀರ್ಘಕಾಲದಿಂದ ನೇಮಿಸಿಕೊಳ್ಳುತ್ತಾ ಬಂದಿವೆ. ಗಣಿತ, ವಿಜ್ಞಾನದಂಥ ವಿಷಯಗಳ ಶಿಕ್ಷಕರ ಕೊರತೆಯೇ ಇಂಥ ನೇಮಕಗಳಿಗೆ ಮುಖ್ಯ ಕಾರಣವಾಗಿತ್ತು.

ಇಂಗ್ಲಿಷ್ ಬೋಧನೆ: ಪಾಸ್‌ಪೋರ್ಟೇ ಮೊದಲ ಅರ್ಹತೆ

ಪೂರ್ವ ಏಷ್ಯಾದಲ್ಲಿ ಇಂಗ್ಲಿಷ್ ಕಲಿಸುವ ಹುದ್ದೆಗಳಿಗೆ ಯಾವುದೇ ವಿಷಯದ ಪದವಿ ಸಾಕು ಎಂಬ ಮಾತು ಅರ್ಧ ಸತ್ಯ. ದಕ್ಷಿಣ ಕೊರಿಯಾದ ಇ-2 ವೀಸಾ ಮುಖ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಪಾಲುದಾರಿಕೆ ಒಪ್ಪಂದ ಭಾರತೀಯರಿಗೂ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಸೀಮಿತ ಅವಕಾಶ ನೀಡಿತು. ಆದರೆ ಅದಕ್ಕೆ ಪದವಿಯ ಜೊತೆ ಶಿಕ್ಷಕ ಅರ್ಹತೆಯೂ ಬೇಕು. ಬೇರೆ ವೃತ್ತಿಯಿಂದ ನೇರವಾಗಿ ಬರುವವರಿಗೆ ಆ ದಾರಿಯೂ ತೆರೆದಿಲ್ಲ.

ಚೀನಾದಲ್ಲಿ ವಿದೇಶಿ ಭಾಷಾ ಶಿಕ್ಷಕರು ಆ ಭಾಷೆಯನ್ನು ಮಾತೃಭಾಷೆಯಾಗುಳ್ಳ ದೇಶದವರಾಗಿರಬೇಕು, ಪದವೀಧರರಾಗಿರಬೇಕು, ಸಾಮಾನ್ಯವಾಗಿ 60 ವರ್ಷ ದಾಟಿರಬಾರದು ಎಂಬುದು ಉದ್ಯೋಗ ಪರವಾನಗಿಯ ನಿಯಮ. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಶಾಲಾ ವಿಷಯಗಳ ಲಾಭೋದ್ದೇಶದ ಮನೆಪಾಠ ಉದ್ಯಮವನ್ನು ನಿರ್ಬಂಧಿಸಿ, ಹೊರದೇಶದಲ್ಲಿ ಕುಳಿತು ಅಂತರ್ಜಾಲದ ಮೂಲಕ ಪಾಠ ಹೇಳುವ ವಿದೇಶಿಯರ ನೇಮಕವನ್ನೂ ನಿಷೇಧಿಸಿತು. ಆ ಆದಾಯವನ್ನೇ ನಂಬಿದ್ದ ಅನೇಕ ವಿದೇಶಿ ಶಿಕ್ಷಕರು ಕೆಲವೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು.

ಜಪಾನಿನ ನಿಯಮ ಭಾರತೀಯರಿಗೆ ತುಸು ಅನುಕೂಲಕರ. ಅಲ್ಲಿನ ಶಾಲೆಗಳಲ್ಲಿ ಪಾಠ ಮಾಡುವವರಿಗೆ ನೀಡುವ ವೀಸಾ ವರ್ಗದಲ್ಲಿ ವಿದೇಶಿ ಭಾಷೆ ಕಲಿಸುವವರು ಆ ಭಾಷೆಯ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಶಿಕ್ಷಣ ಪಡೆದಿರಬೇಕು. ಇತರ ವಿಷಯ ಕಲಿಸುವವರಿಗೆ ಆ ವಿಷಯದಲ್ಲಿ ಕನಿಷ್ಠ 5 ವರ್ಷಗಳ ಬೋಧನಾನುಭವ ಬೇಕು. ಹೀಗಾಗಿ ಆಂಗ್ಲ ಮಾಧ್ಯಮದಲ್ಲಿ ಓದಿದವರು ಶಾಲೆ ಮತ್ತು ಕಾಲೇಜುಗಳಿಂದ ಬೋಧನಾ ಮಾಧ್ಯಮದ ಪ್ರಮಾಣಪತ್ರ ಪಡೆದಿಟ್ಟುಕೊಳ್ಳುವುದು ಅಗತ್ಯ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗೆ ಆನಂತರ ಆಂಗ್ಲ ಮಾಧ್ಯಮದಲ್ಲಿ ಓದಿದ ವರ್ಷಗಳಷ್ಟೇ ಲೆಕ್ಕಕ್ಕೆ ಬರುವುದರಿಂದ ಈ ಷರತ್ತು ಪೂರೈಸುವುದು ಕಷ್ಟ.

ಖಾಸಗಿ ಭಾಷಾ ಶಾಲೆಗಳ ಭದ್ರತೆಯ ಬಗ್ಗೆಯೂ ಜಪಾನ್ ಪಾಠ ಕಲಿಸಿದೆ. ಅಲ್ಲಿನ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣಾ ಶಾಲೆಗಳ ಸರಣಿಯಾಗಿದ್ದ ನೋವಾ 2007ರ ಅಕ್ಟೋಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿದಾಗ ಸಾವಿರಾರು ವಿದೇಶಿ ಶಿಕ್ಷಕರು ಬಾಕಿ ಸಂಬಳವಿಲ್ಲದೆ ಬೀದಿಗೆ ಬಿದ್ದರು. ಸಂಸ್ಥೆಯ ಮೂಲಕವೇ ಬಾಡಿಗೆ ಮನೆ ಪಡೆದಿದ್ದವರಿಗೆ ಸೂರಿನ ಚಿಂತೆಯೂ ಎದುರಾಯಿತು. ಕೆಲಸ, ವಸತಿ, ವೀಸಾ ಮೂರೂ ಒಬ್ಬನೇ ಮಾಲೀಕನ ಕೈಯಲ್ಲಿದ್ದರೆ ಒಂದು ಕುಸಿದಾಗ ಮೂರೂ ಕುಸಿಯುತ್ತವೆ.

ಭಾಷಾ ಬೋಧನೆಯ ಪ್ರಮಾಣಪತ್ರಗಳಲ್ಲೂ ಗಟ್ಟಿ, ಜೊಳ್ಳು ಎರಡೂ ಇವೆ. ಕೇಂಬ್ರಿಜ್‌ನ ಸೆಲ್ಟಾ ಕೋರ್ಸಿನಲ್ಲಿ 120 ಗಂಟೆಗಳ ತರಬೇತಿಯೊಂದಿಗೆ ನಿಜವಾದ ವಿದ್ಯಾರ್ಥಿಗಳಿಗೆ 6 ಗಂಟೆ ಪಾಠ ಹೇಳಿ ಮೌಲ್ಯಮಾಪನಕ್ಕೆ ಒಳಗಾಗಬೇಕು. ವಾರಾಂತ್ಯದಲ್ಲಿ ಮುಗಿಯುವ ಅಗ್ಗದ ಅಂತರ್ಜಾಲ ಕೋರ್ಸುಗಳಲ್ಲಿ ಇಂಥ ಪಾಠಾಭ್ಯಾಸ ಇರುವುದಿಲ್ಲ. ಯಾವ ಪ್ರಮಾಣಪತ್ರವೂ ಪಾಸ್‌ಪೋರ್ಟ್ ಷರತ್ತನ್ನು ಮೀರುವಷ್ಟು ಬಲವಾದುದಲ್ಲ.

ವಿಷಯ ಬೋಧನೆ: ಹಿಂದಿನ ವೃತ್ತಿಗೆ ಬೆಲೆ

ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ, ಅರ್ಥಶಾಸ್ತ್ರ, ವಾಣಿಜ್ಯ ವಿಷಯಗಳಲ್ಲಿ ಚಿತ್ರ ಬೇರೆಯೇ ಆಗಿದೆ. ಹಿಂದೆ ಎಂಜಿನಿಯರ್ ಆಗಿದ್ದವನ ಗಣಿತವೂ ಲೆಕ್ಕಪರಿಶೋಧಕಿಯ ವಾಣಿಜ್ಯಜ್ಞಾನವೂ ಇಲ್ಲಿ ಬಂಡವಾಳ.

ಇಂಗ್ಲೆಂಡ್ 2023ರ ಫೆಬ್ರುವರಿಯಲ್ಲಿ ಆರಂಭಿಸಿದ ಹೊಸ ವ್ಯವಸ್ಥೆಯಡಿ ಭಾರತವೂ ಸೇರಿದಂತೆ ಇನ್ನಷ್ಟು ದೇಶಗಳ ಶಿಕ್ಷಕರು ಅಲ್ಲಿನ ಅರ್ಹ ಶಿಕ್ಷಕ ಮಾನ್ಯತೆಗೆ ನೇರವಾಗಿ ಅರ್ಜಿ ಸಲ್ಲಿಸುವಂತಾಯಿತು. ಭಾರತೀಯರಿಗೆ ಈ ಅವಕಾಶ ಸಿಕ್ಕಿದ್ದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಲು ಅರ್ಹರಾದವರಿಗೆ. ಪದವಿ, ಮಾನ್ಯ ಶಿಕ್ಷಕ ತರಬೇತಿ ಮತ್ತು ಬೋಧನಾನುಭವ ಮೂರೂ ಬೇಕು. ಭೌತಶಾಸ್ತ್ರ ಮತ್ತು ಭಾಷಾ ಶಿಕ್ಷಕರ ಕೊರತೆ ಎಷ್ಟಿತ್ತೆಂದರೆ 2023–24 ಮತ್ತು 2024–25ರ ಶೈಕ್ಷಣಿಕ ವರ್ಷಗಳಲ್ಲಿ ಹೊರದೇಶಗಳಿಂದ ಬರುವ ಈ ವಿಷಯಗಳ ಅರ್ಹ ಶಿಕ್ಷಕರಿಗೆ 10,000 ಪೌಂಡ್ ಸ್ಥಳಾಂತರ ನೆರವನ್ನು ಸರ್ಕಾರವೇ ನೀಡಿತು. ಬೋಧನೆಗೆ ಹೊಸಬರಾದವರಿಗೆ ಅಲ್ಲಿಯೇ ಒಂದು ವರ್ಷದ ಸ್ನಾತಕೋತ್ತರ ಶಿಕ್ಷಕ ತರಬೇತಿ ಪಡೆಯುವುದು ಇನ್ನೊಂದು ಮಾರ್ಗ. ಅದರ ಶುಲ್ಕ ಮತ್ತು ವಾಸದ ವೆಚ್ಚವನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಅಮೆರಿಕದ ಜೆ-1 ಶಿಕ್ಷಕ ವಿನಿಮಯ ವೀಸಾಕ್ಕೆ ಕನಿಷ್ಠ 2 ವರ್ಷಗಳ ಬೋಧನಾನುಭವ ಕಡ್ಡಾಯ. ಅದರ ಅವಧಿ 3 ವರ್ಷ. ಮತ್ತೆ ಗರಿಷ್ಠ 2 ವರ್ಷ ವಿಸ್ತರಿಸಬಹುದು. ಅದು ಮೂಲತಃ ವಿನಿಮಯ ಯೋಜನೆ, ನೆಲೆಸುವ ಹಾದಿಯಲ್ಲ. ಎಚ್-1ಬಿ ಮೂಲಕವೂ ಅಲ್ಲಿನ ಶಾಲೆಗಳು ಶಿಕ್ಷಕರನ್ನು ತರಿಸಿಕೊಂಡಿದ್ದುಂಟು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಅಧ್ಯಕ್ಷೀಯ ಘೋಷಣೆ ಹೊರದೇಶದಿಂದ ಕರೆಸಿಕೊಳ್ಳುವವರ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿತು. ಸಾಮಾನ್ಯ ಶಾಲೆಗೆ ಅದು ಭರಿಸಲಾಗದ ಮೊತ್ತ.

ಆಸ್ಟ್ರೇಲಿಯಾಕ್ಕೆ ಕಾಯಂ ವಲಸೆ ಹೋಗಬಯಸುವ ಶಿಕ್ಷಕರು ಕೌಶಲ ಮೌಲ್ಯಮಾಪನಕ್ಕೆ ಒಳಗಾಗಬೇಕು. ಅದಕ್ಕೆ ಐಇಎಲ್‌ಟಿಎಸ್ ಪರೀಕ್ಷೆಯ ಮಾತು ಮತ್ತು ಆಲಿಸುವಿಕೆಯಲ್ಲಿ 8, ಓದು ಮತ್ತು ಬರಹದಲ್ಲಿ 7 ಅಂಕ ಬೇಕು. ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್ ಬಳಸುವವರೂ ಈ ಪರೀಕ್ಷೆಯನ್ನು ಹಗುರವಾಗಿ ಕಾಣುವಂತಿಲ್ಲ.

ಕರ್ನಾಟಕದವರಿಗೆ ಹೆಚ್ಚು ಪರಿಚಿತ ದಾರಿ ಕೊಲ್ಲಿ ರಾಷ್ಟ್ರಗಳದು. ಅಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಶಾಲೆಗಳು ದೊಡ್ಡ ಸಂಖ್ಯೆಯಲ್ಲಿದ್ದು, ವಿಷಯದ ಪದವಿ, ಬಿ.ಇಡಿ. ಮತ್ತು ಕೆಲವು ವರ್ಷಗಳ ಅನುಭವವನ್ನು ಸಾಮಾನ್ಯವಾಗಿ ಕೇಳುತ್ತವೆ. ಐಬಿ ಮತ್ತು ಕೇಂಬ್ರಿಜ್ ಪಠ್ಯಕ್ರಮದ ಅಂತರರಾಷ್ಟ್ರೀಯ ಶಾಲೆಗಳು ಹೆಚ್ಚಿನ ಸಂಬಳ ಕೊಟ್ಟರೂ ಆ ಪಠ್ಯಕ್ರಮದಲ್ಲಿ ಪಾಠ ಮಾಡಿದ ಅನುಭವವನ್ನು ಬಯಸುತ್ತವೆ. ಇಂಥ ಶಾಲೆಗಳು ಬೆಂಗಳೂರಿನಲ್ಲೇ ಹಲವಿರುವುದರಿಂದ ಆ ಅನುಭವವನ್ನು ಊರು ಬಿಡದೆ ಗಳಿಸಬಹುದು.

ಬಿ.ಇಡಿ. ಮತ್ತು ವಯಸ್ಸಿನ ಲೆಕ್ಕ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ ಕೋರ್ಸ್ ಆಯಿತು. ಸಾಮಾನ್ಯ ಪದವೀಧರರಿಗೆ ಶೇ. 50 ಅಂಕ ಬೇಕಾದರೆ, ವಿಜ್ಞಾನ ಮತ್ತು ಗಣಿತ ಅಭ್ಯಸಿಸಿದ ಎಂಜಿನಿಯರಿಂಗ್ ಪದವೀಧರರಿಗೆ ಶೇ. 55 ಅಂಕ ನಿಗದಿಯಾಯಿತು. ಕೋರ್ಸಿನಲ್ಲಿ 20 ವಾರಗಳ ಶಾಲಾ ತರಬೇತಿಯೂ ಸೇರಿದೆ. ಆದ್ದರಿಂದ ಕೆಲಸ ಮಾಡುತ್ತಲೇ, ತರಗತಿಗೆ ಹೋಗದೆಯೇ ಬಿ.ಇಡಿ. ಕೊಡಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬುವಂತಿಲ್ಲ. ದೂರಶಿಕ್ಷಣದ ಬಿ.ಇಡಿ. ಮುಖ್ಯವಾಗಿ ತರಬೇತಿ ಪಡೆದು ಈಗಾಗಲೇ ಶಾಲೆಯಲ್ಲಿ ಕೆಲಸದಲ್ಲಿರುವ ಶಿಕ್ಷಕರಿಗಾಗಿ ಇರುವಂಥದ್ದು.

ಎರಡು ವರ್ಷ ತರಬೇತಿ, ಎರಡು ವರ್ಷ ಅನುಭವ. 42ನೇ ವಯಸ್ಸಿನಲ್ಲಿ ನಿರ್ಧರಿಸಿದವರು ವಿದೇಶಕ್ಕೆ ಅರ್ಜಿ ಹಾಕುವಾಗ 46 ತುಂಬಿರುತ್ತದೆ. ಈ ನಾಲ್ಕು ವರ್ಷ ಹಿಂದಿನ ಸಂಬಳ ಇರುವುದಿಲ್ಲ. ಮನೆ ಸಾಲದ ಕಂತು, ಮಕ್ಕಳ ಕಾಲೇಜು, ಹಿರಿಯರ ಆರೈಕೆ ಮಾತ್ರ ಹಾಗೆಯೇ ಇರುತ್ತವೆ. ವೀಸಾ ಅರ್ಜಿಗಿಂತ ಮೊದಲು ಕುಟುಂಬದವರೆಲ್ಲ ಕೂತು ಮಾಡಬೇಕಾದ ಲೆಕ್ಕ ಇದು. ತರಗತಿ ತಮಗೆ ಒಗ್ಗುತ್ತದೆಯೇ ಎಂಬುದನ್ನು ತಿಳಿಯಲೂ ಸ್ಥಳೀಯ ಶಾಲೆಯ ಎರಡು ವರ್ಷವೇ ಒಳ್ಳೆಯ ಪರೀಕ್ಷೆ. ನಲವತ್ತು ಮಕ್ಕಳ ಗದ್ದಲ, ಪೋಷಕರ ದೂರು, ರಾತ್ರಿಯವರೆಗೆ ತಿದ್ದಬೇಕಾದ ಉತ್ತರ ಪತ್ರಿಕೆ ಹೊರದೇಶದಲ್ಲೂ ತಪ್ಪುವುದಿಲ್ಲ.

ದಾಖಲೆಗಳು

ಪದವಿ ಮತ್ತು ಬಿ.ಇಡಿ. ಪ್ರಮಾಣಪತ್ರಗಳು, ಅಂಕಪಟ್ಟಿಗಳು, ಅನುಭವ ಪತ್ರ, ಪೊಲೀಸ್ ನಿರಾಕ್ಷೇಪಣಾ ಪತ್ರ, ವೈದ್ಯಕೀಯ ವರದಿ ಇವು ಬಹುತೇಕ ಎಲ್ಲೆಡೆ ಬೇಕಾಗುತ್ತವೆ. ಮಕ್ಕಳೊಂದಿಗೆ ಕೆಲಸ ಮಾಡುವ ಹುದ್ದೆಯಾದ್ದರಿಂದ ಹಿಂದೆ ವಾಸವಾಗಿದ್ದ ಪ್ರತಿಯೊಂದು ದೇಶದ ಪೊಲೀಸ್ ಪತ್ರವನ್ನೂ ಶಾಲೆಗಳು ಕೇಳಬಹುದು. ಸಾಫ್ಟ್‌ವೇರ್ ಕೆಲಸಕ್ಕಾಗಿ ಕೆಲವು ವರ್ಷ ಹೊರದೇಶದಲ್ಲಿದ್ದವರು ಇದನ್ನು ಮರೆಯಬಾರದು.

ಹೇಗ್ ಅಪೊಸ್ಟಿಲ್ ಒಡಂಬಡಿಕೆ ಭಾರತಕ್ಕೆ 2005ರ ಜುಲೈ 14ರಿಂದ ಅನ್ವಯವಾಗುತ್ತದೆ. ಶೈಕ್ಷಣಿಕ ದಾಖಲೆಯನ್ನು ಮೊದಲು ರಾಜ್ಯದ ಪ್ರಾಧಿಕಾರ ದೃಢೀಕರಿಸಿದ ಮೇಲೆ ವಿದೇಶಾಂಗ ಸಚಿವಾಲಯ ಅಪೊಸ್ಟಿಲ್ ಮುದ್ರೆ ನೀಡುತ್ತದೆ. ಜಪಾನ್, ದಕ್ಷಿಣ ಕೊರಿಯಾ, ಬ್ರಿಟನ್ ಮೊದಲಾದ ಸದಸ್ಯ ದೇಶಗಳಿಗೆ ಇಷ್ಟು ಸಾಕು. ಒಡಂಬಡಿಕೆಯಲ್ಲಿಲ್ಲದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ದೃಢೀಕರಣವೂ ಅಗತ್ಯ. ಹೆಸರಿನ ಕಾಗುಣಿತ ಅಂಕಪಟ್ಟಿಯಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ಇದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

ಏಜೆಂಟರ ವಿಚಾರದಲ್ಲಿ ಎಚ್ಚರ

ಅಮೆರಿಕದ ಎರಡು ಪ್ರಕರಣಗಳು ಇಲ್ಲಿ ಸ್ಮರಣೀಯ. ಲೂಯಿಸಿಯಾನ ರಾಜ್ಯದ ಶಾಲೆಗಳಿಗೆ ಹೋಗಿದ್ದ ಸುಮಾರು 350 ಫಿಲಿಪೀನ್ಸ್ ಶಿಕ್ಷಕರಿಂದ ನೇಮಕಾತಿ ಸಂಸ್ಥೆಯೊಂದು ಅಕ್ರಮವಾಗಿ ಭಾರಿ ಶುಲ್ಕ ವಸೂಲು ಮಾಡಿತ್ತು. 2012ರ ಡಿಸೆಂಬರ್‌ನಲ್ಲಿ ಜ್ಯೂರಿ ಅವರಿಗೆ 45 ಲಕ್ಷ ಡಾಲರ್ ಪರಿಹಾರ ನೀಡುವಂತೆ ತೀರ್ಪಿತ್ತಿತು. ಮೇರಿಲ್ಯಾಂಡ್‌ನ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಮಾಲೀಕರೇ ಭರಿಸಬೇಕಿದ್ದ ವೀಸಾ ವೆಚ್ಚವನ್ನು ಸಾವಿರಕ್ಕೂ ಹೆಚ್ಚು ವಿದೇಶಿ ಶಿಕ್ಷಕರ ತಲೆಗೆ ಕಟ್ಟಲಾಗಿತ್ತು. 2011ರಲ್ಲಿ ಶಾಲಾ ಆಡಳಿತ 42 ಲಕ್ಷ ಡಾಲರ್ ಹಿಂತಿರುಗಿಸಲು ಒಪ್ಪಿತು. ಆದರೆ ದಂಡನೆಯ ಭಾಗವಾಗಿ ಆ ಆಡಳಿತಕ್ಕೆ ವಿದೇಶಿ ಶಿಕ್ಷಕರ ವೀಸಾ ಪ್ರಾಯೋಜಿಸುವ ಹಕ್ಕನ್ನೇ ಎರಡು ವರ್ಷ ತಡೆಹಿಡಿಯಲಾಯಿತು. ಹಣ ಮರಳಿ ಪಡೆಯಬೇಕಿದ್ದವರೇ ವೀಸಾ ನವೀಕರಣವಾಗದೆ ಕೆಲಸ ಕಳೆದುಕೊಳ್ಳುವ ಸ್ಥಿತಿಗೆ ಬಂದರು. ನ್ಯಾಯ ಸಿಕ್ಕರೂ ನೌಕರಿ ಉಳಿಯುತ್ತದೆಂಬ ಖಾತರಿಯಿಲ್ಲ.

ಭಾರತದಲ್ಲಿ ವಿದೇಶಿ ಉದ್ಯೋಗಕ್ಕೆ ನೇಮಕ ಮಾಡುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಏಜೆಂಟರ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಬಹುದು. ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಉದ್ಯೋಗ ವೀಸಾಕ್ಕೆ ಬದಲಿಸಿಕೊಳ್ಳಿ ಎಂಬ ಸಲಹೆ ಬಂದರೆ ಅಲ್ಲಿಗೇ ನಿಲ್ಲುವುದು ಕ್ಷೇಮ. ಪ್ರವಾಸಿ ವೀಸಾದಲ್ಲಿ ಪಾಠ ಹೇಳಿ ಸಿಕ್ಕಿಬಿದ್ದರೆ ದಂಡ, ಗಡೀಪಾರು ಕಾಯ್ದಿರುತ್ತವೆ. ಸಂಬಳ ಬಾಕಿಯಾದರೆ ದೂರು ಕೊಡುವ ಧೈರ್ಯವೂ ಉಳಿಯುವುದಿಲ್ಲ.

ಒಪ್ಪಂದದಲ್ಲಿ ನೋಡಬೇಕಾದ್ದು

ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವುದು ಸಾಮಾನ್ಯ ತಪ್ಪು. ವಸತಿ, ಆರೋಗ್ಯ ವಿಮೆ, ಮಕ್ಕಳ ಶಾಲಾ ಶುಲ್ಕ, ವರ್ಷಕ್ಕೊಮ್ಮೆ ಊರಿಗೆ ಬಂದುಹೋಗುವ ವಿಮಾನ ದರ ಇವುಗಳಲ್ಲಿ ಯಾವುದನ್ನು ಶಾಲೆ ಭರಿಸುತ್ತದೆ ಎಂಬುದರ ಮೇಲೆ ಉಳಿತಾಯ ನಿಂತಿದೆ. ಸಂಯುಕ್ತ ಅರಬ್ ಸಂಸ್ಥಾನದ ಕಾರ್ಮಿಕ ಕಾನೂನಿನಂತೆ ಒಂದು ವರ್ಷ ಪೂರೈಸಿದ ವಿದೇಶಿ ನೌಕರರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆನಂತರದ ವರ್ಷಗಳಿಗೆ 30 ದಿನಗಳ ಮೂಲ ವೇತನ ಸೇವಾಂತ್ಯ ಉಪದಾನವಾಗಿ ಸಿಗುತ್ತದೆ. ಲೆಕ್ಕ ಮೂಲ ವೇತನದ್ದಾದ್ದರಿಂದ ಒಟ್ಟು ಸಂಬಳದಲ್ಲಿ ಅದರ ಪಾಲೆಷ್ಟು ಎಂದು ಸಹಿಗೆ ಮುನ್ನವೇ ಕೇಳಬೇಕು. ಒಪ್ಪಂದವನ್ನು ಮಧ್ಯದಲ್ಲಿ ಬಿಟ್ಟರೆ ತೆರಬೇಕಾದ ಮೊತ್ತ, ಬೇಸಿಗೆ ರಜೆಯ ಸಂಬಳ, ವಾರದ ಪಾಠದ ಅವಧಿಗಳ ಸಂಖ್ಯೆ ಕೂಡ ಬರಹದಲ್ಲಿರಬೇಕು.

ಅರ್ಜಿ ಹಾಕುವ ಕಾಲವೂ ಮುಖ್ಯ. ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ತೆರೆಯುವ ಅಂತರರಾಷ್ಟ್ರೀಯ ಶಾಲೆಗಳು ಹಿಂದಿನ ವರ್ಷದ ಕೊನೆಯ ತಿಂಗಳುಗಳಿಂದಲೇ ಆಯ್ಕೆ ಆರಂಭಿಸುತ್ತವೆ. ಕೊಲ್ಲಿಯ ಸಿಬಿಎಸ್‌ಇ ಶಾಲೆಗಳ ಮತ್ತು ಜಪಾನಿನ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ, ಕೊರಿಯಾದ್ದು ಮಾರ್ಚ್‌ನಲ್ಲಿ ಆರಂಭ. ದಾಖಲೆಗಳ ದೃಢೀಕರಣಕ್ಕೆ ಹಿಡಿಯುವ ಸಮಯವನ್ನೂ ಸೇರಿಸಿ ಒಂದು ವರ್ಷ ಮುಂಚೆಯೇ ಸಿದ್ಧತೆ ಮಾಡಿಕೊಳ್ಳುವುದು ಒಳಿತು. ಬೋಧನಾ ವಿಷಯ, ಶಿಕ್ಷಕ ಅರ್ಹತೆ, ಎರಡು ವರ್ಷಗಳ ಅನುಭವ ಮೂರೂ ಕೈಸೇರುವವರೆಗೆ ಇರುವ ನೌಕರಿಗೆ ಅಥವಾ ಸ್ಥಳೀಯ ಶಾಲೆಗೆ ಅಂಟಿಕೊಂಡಿರುವುದೇ ವಿವೇಕ.