ಬೆಳಕಿನ ಲೆಕ್ಕ ಮತ್ತು ಇನ್ನೂ ಕಟ್ಟದ ಮನೆಯ ಚಿತ್ರ

ಅಪಾರ್ಟ್‌ಮೆಂಟ್ ಜಾಹೀರಾತಿನ ಚಿತ್ರಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ನೀಲಿ ಆಕಾಶ, ಆಗಲೇ ಬೆಳೆದು ನಿಂತ ಮರಗಳು, ಸೋಫಾದ ಮೇಲೆ ಬಿದ್ದ ಎಳೆಬಿಸಿಲು. ಎದುರಿಗೆ ಒಂದೇ ಒಂದು ಕರೆಂಟಿನ ತಂತಿ ಇಲ್ಲ. ಕಟ್ಟಡಕ್ಕೆ ಇನ್ನೂ ಪಾಯವನ್ನೇ ತೋಡಿರುವುದಿಲ್ಲ! ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ 'ಕಲಾವಿದನ ಕಲ್ಪನೆ' ಅಂತ ಇರುತ್ತದೆ, ಅಷ್ಟೆ.

ಇಂಥ ಚಿತ್ರ ಮಾಡುವ ತಂತ್ರಾಂಶಕ್ಕೆ ರೆಂಡರರ್ ಅನ್ನುತ್ತಾರೆ. ವಿ-ರೇ ಒಳ್ಳೆಯದೋ ಕೊರೋನಾ ಒಳ್ಳೆಯದೋ, ಲುಮಿಯಾನ್ ಸಾಕೋ, ಪುಕ್ಕಟೆ ಸಿಗುವ ಬ್ಲೆಂಡರ್ ಆದೀತೋ ಅಂತ ಈ ಕಸುಬಿನವರ ನಡುವೆ ವಾದ ಮುಗಿಯುವುದೇ ಇಲ್ಲ. ವಾದದಲ್ಲಿ ಸಾಮಾನ್ಯವಾಗಿ ಬರುವುದು ಎರಡೇ ಪ್ರಶ್ನೆ. ಎಷ್ಟು ಬೇಗ? ಎಷ್ಟು ಚಂದ? ಮೂರನೆಯದೊಂದಿದೆ: ಎಷ್ಟು ನಿಜ? ತಮಾಷೆ ಅಂದರೆ, ಈ ಮೂರನೆಯ ಪ್ರಶ್ನೆಯ ಬೆನ್ನು ಹತ್ತಿ ಹೊರಟವರ ಕೆಲಸದ ಮೇಲೆಯೇ ಇವತ್ತಿನ ಚಂದದ ಚಿತ್ರಗಳೆಲ್ಲ ನಿಂತಿವೆ. ಅದರ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1968ರಲ್ಲಿ ಐಬಿಎಂನ ಆರ್ಥರ್ ಅಪೆಲ್, ನೋಡುವ ಕಣ್ಣಿನಿಂದ ವಸ್ತುವಿನ ಕಡೆಗೆ ಕಿರಣಗಳನ್ನು ಬಿಟ್ಟು ಎಲ್ಲಿ ನೆರಳು, ಎಲ್ಲಿ ಬೆಳಕು ಅಂತ ಕಂಡುಹಿಡಿಯುವ ದಾರಿ ತೋರಿಸಿದರು. ನಿಜ ಜಗತ್ತಿನಲ್ಲಿ ಬೆಳಕು ದೀಪದಿಂದ ಕಣ್ಣಿಗೆ ಬರುತ್ತದೆ, ಇಲ್ಲಿ ಲೆಕ್ಕ ಉಲ್ಟಾ. 1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್ ಆ ಕಿರಣಗಳು ಕನ್ನಡಿಯಲ್ಲಿ ಪ್ರತಿಫಲಿಸುವಂತೆ, ಗಾಜಿನೊಳಗೆ ಬಾಗುವಂತೆ ಮಾಡಿದರು. ಚೌಕಳಿ ನೆಲದ ಮೇಲೆ ತೇಲುವ ಎರಡು ಗೋಳಗಳ ಆ ಚಿತ್ರ ಬಹಳ ಪ್ರಸಿದ್ಧ. ಆ ಒಂದು ಚಿತ್ರಕ್ಕೆ ವ್ಯಾಕ್ಸ್ ಕಂಪ್ಯೂಟರ್ 74 ನಿಮಿಷ ತೆಗೆದುಕೊಂಡಿತ್ತು.

ಆದರೆ ಮನೆ ಅಂದರೆ ಬರೀ ಗಾಜು, ಕನ್ನಡಿ ಅಲ್ಲವಲ್ಲ. ಸುಣ್ಣ ಬಳಿದ ಗೋಡೆ ಇರುತ್ತದೆ. ಕಿಟಕಿಯಿಂದ ಬಂದ ಬಿಸಿಲು ನೆಲಕ್ಕೆ ಬಿದ್ದು, ಅಲ್ಲಿಂದ ಗೋಡೆಗೆ ಪುಟಿದು, ಗೋಡೆಯಿಂದ ಸೂರಿಗೆ ಹೋಗುತ್ತದೆ. ಬಿಸಿಲು ನೇರವಾಗಿ ಬೀಳದ ಮೂಲೆಯೂ ನಮಗೆ ಕಾಣುವುದು ಹೀಗೆ. ವಿಟೆಡ್ ವಿಧಾನದಲ್ಲಿ ಈ ಪುಟಿಯುವ ಬೆಳಕಿಗೆ ಲೆಕ್ಕವಿರಲಿಲ್ಲ. ಎಲ್ಲ ಕಡೆ ಒಂದಿಷ್ಟು ಮಂದ ಬೆಳಕನ್ನು ಸಮನಾಗಿ ಬಳಿದುಬಿಡುತ್ತಿದ್ದರು.

ಇದಕ್ಕೆ ಉತ್ತರ ಬಂದದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ. ಅಲ್ಲಿನ ಡೊನಾಲ್ಡ್ ಗ್ರೀನ್‌ಬರ್ಗ್ ವಾಸ್ತುಶಿಲ್ಪ, ಸಿವಿಲ್ ಎಂಜಿನಿಯರಿಂಗ್ ಎರಡನ್ನೂ ಓದಿದವರು. ಕಟ್ಟಡಗಳನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ನೋಡುವುದು ಹೇಗೆ ಅಂತ 1974ರಲ್ಲೇ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದಿದ್ದರು. 1984ರಲ್ಲಿ ಅವರ ತಂಡ ರೇಡಿಯಾಸಿಟಿ ಎಂಬ ವಿಧಾನ ಮುಂದಿಟ್ಟಿತು. ಇದರ ಮೂಲ ಚಿತ್ರಕಲೆಯಲ್ಲಿ ಇಲ್ಲ, ಶಾಖದ ಲೆಕ್ಕದಲ್ಲಿದೆ. ಬಿಸಿ ಮೇಲ್ಮೈಗಳು ಒಂದಕ್ಕೊಂದು ಎಷ್ಟು ಶಾಖ ಸೂಸುತ್ತವೆ ಅಂತ ಮೆಕ್ಯಾನಿಕಲ್ ಎಂಜಿನಿಯರುಗಳು ಹಾಕುತ್ತಿದ್ದ ಲೆಕ್ಕವನ್ನೇ ಬೆಳಕಿಗೆ ಅನ್ವಯಿಸಿದರು. ಗೋಡೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡು ಮಿಕ್ಕ ತುಂಡುಗಳಿಗೆ ಎಷ್ಟು ಬೆಳಕು ಕೊಡುತ್ತದೆ, ಎಷ್ಟು ಪಡೆಯುತ್ತದೆ ಅಂತ ಜಮಾ ಖರ್ಚು ಬರೆದಂತೆ. ಕೆಂಪು ಗೋಡೆಯ ಪಕ್ಕದ ಬಿಳಿ ಗೋಡೆ ತುಸು ಕೆಂಪಾಗಿ ಕಾಣುವುದು ಈ ಲೆಕ್ಕದಲ್ಲಿ ತಾನಾಗಿಯೇ ಬಂತು.

ನನಗೆ ಬಹಳ ಇಷ್ಟವಾಗುವುದು ಅವರ ಮುಂದಿನ ಹೆಜ್ಜೆ. ಅವರು ನಿಜವಾಗಿಯೂ ಒಂದು ಪೆಟ್ಟಿಗೆ ಮಾಡಿ, ಒಳಗೆ ದೀಪ ಹಾಕಿ, ಅದನ್ನೂ ಕಂಪ್ಯೂಟರ್ ಲೆಕ್ಕ ಹಾಕಿದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಜನರಿಗೆ ತೋರಿಸಿದರು. ಯಾವುದು ನಿಜ ಹೇಳಿ ಅಂದರು. 1986ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೋಡಿದವರ ಉತ್ತರ ಸುಮ್ಮನೆ ಊಹಿಸಿ ಹೇಳುವುದಕ್ಕಿಂತ ಉತ್ತಮವಾಗಿರಲಿಲ್ಲ. 'ಕಾರ್ನೆಲ್ ಬಾಕ್ಸ್' ಅಂತ ಇವತ್ತಿಗೂ ರೆಂಡರರ್ ಬರೆಯುವವರು ಪರೀಕ್ಷೆಗೆ ಬಳಸುವ ಪೆಟ್ಟಿಗೆ ಇದೇ ವಂಶದ್ದು.

ಅದೇ 1986ರಲ್ಲಿ ಜೇಮ್ಸ್ ಕಜಿಯ ಈ ಎಲ್ಲವನ್ನೂ ಒಂದೇ ಸಮೀಕರಣದಲ್ಲಿ ಹಿಡಿದಿಟ್ಟರು. ಅದನ್ನು ಬಿಡಿಸಲು ಪಾತ್ ಟ್ರೇಸಿಂಗ್ ಅನ್ನುವ ದಾರಿಯನ್ನೂ ಕೊಟ್ಟರು. ಕಿರಣಗಳನ್ನು ಯಾದೃಚ್ಛಿಕವಾಗಿ ಪುಟಿಸುತ್ತಾ ಸರಾಸರಿ ತೆಗೆಯುವುದು. ತತ್ವ ಸರಳ, ಆದರೆ ಚಿತ್ರದ ತುಂಬ ಮರಳು ಎರಚಿದಂತೆ ಚುಕ್ಕಿಗಳು. ಆ ಚುಕ್ಕಿ ಅರ್ಧಕ್ಕೆ ಇಳಿಯಬೇಕಾದರೆ ಕಿರಣಗಳು ನಾಲ್ಕು ಪಟ್ಟು ಬೇಕು. ಅಂದಿನ ಕಂಪ್ಯೂಟರುಗಳಿಗೆ ಇದು ಆಗದ ಮಾತು.

ಇಲ್ಲಿ ಗ್ರೆಗ್ ವಾರ್ಡ್ ಬರುತ್ತಾರೆ. ಅವರಿದ್ದದ್ದು ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯದಲ್ಲಿ. ಹಗಲಿನ ಬೆಳಕನ್ನು ಸರಿಯಾಗಿ ಬಳಸಿ ಕಟ್ಟಡದ ವಿದ್ಯುತ್ ಉಳಿಸುವುದು ಹೇಗೆ ಅನ್ನುವುದು ಅಲ್ಲಿನ ಸಂಶೋಧನೆ. 1985ರಲ್ಲಿ ಅವರು ಶುರುಮಾಡಿದ ರೇಡಿಯನ್ಸ್ ಎಂಬ ತಂತ್ರಾಂಶ ಚಿತ್ರವನ್ನಷ್ಟೇ ಕೊಡುವುದಿಲ್ಲ, ಮೇಜಿನ ಮೇಲೆ ಇಷ್ಟು ಲಕ್ಸ್ ಬೆಳಕು ಬೀಳುತ್ತದೆ ಅಂತ ಅಂಕಿಯನ್ನೂ ಕೊಡುತ್ತದೆ. ವೇಗಕ್ಕಾಗಿ 1988ರಲ್ಲಿ ಅವರು ಒಂದು ಉಪಾಯ ಪ್ರಕಟಿಸಿದರು. ಅನ್ನ ಬೆಂದಿದೆಯೋ ಅಂತ ನಾವು ಒಂದೊಂದು ಅಗುಳನ್ನೂ ಹಿಚುಕಿ ನೋಡುತ್ತೇವೆಯೇ? ಹಾಗೆಯೇ ಪುಟಿದ ಬೆಳಕನ್ನು ಗೋಡೆಯ ಕೆಲವೇ ಜಾಗಗಳಲ್ಲಿ ಪಕ್ಕಾ ಲೆಕ್ಕ ಹಾಕಿ, ನಡುವಿನದನ್ನು ಅಂದಾಜು ಮಾಡುವುದು. ಮೂಲೆ, ಅಂಚುಗಳಲ್ಲಿ ಮಾತ್ರ ಹೆಚ್ಚು ಅಗುಳು ಹಿಚುಕಬೇಕು!

ಇತ್ತ ಮಾರುಕಟ್ಟೆಯಲ್ಲಿ 1990ರಲ್ಲಿ ಡಾಸ್ ಮೇಲೆ ಓಡುವ 3ಡಿ ಸ್ಟುಡಿಯೋ ಬಂತು, 1996ರಲ್ಲಿ ಅದೇ ವಿಂಡೋಸ್ ಎನ್‌ಟಿಗೆ 3ಡಿ ಸ್ಟುಡಿಯೋ ಮ್ಯಾಕ್ಸ್ ಆಯಿತು. ಪುಟಿಯುವ ಬೆಳಕಿನ ಲೆಕ್ಕ ಅದರಲ್ಲಿರಲಿಲ್ಲ. ಕಲಾವಿದರು ಕೋಣೆಯ ತುಂಬ ಸುಳ್ಳು ದೀಪಗಳನ್ನಿಟ್ಟು, ಬೆಳಕು ಪುಟಿದಂತೆ ನಟಿಸುತ್ತಿದ್ದರು. ಒಳ್ಳೆಯ ಕಣ್ಣಿದ್ದವರ ಕೈಯಲ್ಲಿ ಅದೂ ನಂಬುವಂತೆ ಬರುತ್ತಿತ್ತು. ರೇಡಿಯಾಸಿಟಿ ಬೇಕೆನ್ನುವವರು ಲೈಟ್‌ಸ್ಕೇಪ್ ಅನ್ನುವ ಬೇರೆ ತಂತ್ರಾಂಶಕ್ಕೆ ಹೋಗಬೇಕಿತ್ತು. ಗೋಡೆಗಳ ಸಂದು ಸರಿಯಾಗಿ ಕೂಡದಿದ್ದರೆ ಅದರಲ್ಲಿ ಬೆಳಕು ಸೋರುತ್ತಿತ್ತು. ಕೊನೆಗೆ ಅದು ಆಟೋಡೆಸ್ಕ್ ಕೈಸೇರಿ, 2002ರಲ್ಲಿ ರೇಡಿಯಾಸಿಟಿ ಮ್ಯಾಕ್ಸ್‌ನ ಒಳಗೇ ಬಂತು.

ಆದರೆ ಅದೇ 2002ರಲ್ಲಿ ಬಲ್ಗೇರಿಯಾದ ಸೋಫಿಯಾ ನಗರದ ಕೇಯಾಸ್ ಎಂಬ ಸಣ್ಣ ಕಂಪನಿ ವಿ-ರೇ ಬಿಡುಗಡೆ ಮಾಡಿತು. ವ್ಲಾದಿಮಿರ್ ಕೊಯ್ಲಾಜೊವ್ ಬರೆದ ಆ ರೆಂಡರರಿನ ಇರೇಡಿಯನ್ಸ್ ಮ್ಯಾಪ್ ನಮ್ಮ ವಾರ್ಡ್ ಅವರ ಅಗುಳು ಹಿಚುಕುವ ಉಪಾಯದ ಮುಂದುವರಿಕೆಯೇ. ವಿದ್ಯುತ್ ಉಳಿಸಲು ಹುಟ್ಟಿದ ಲೆಕ್ಕ ಫ್ಲಾಟ್ ಮಾರುವ ಚಿತ್ರಕ್ಕೆ ಬಂದದ್ದು ಹೀಗೆ. ಅಷ್ಟೇ ಅಲ್ಲ, ಇವತ್ತು ಆಕಾಶದ ಬೆಳಕಿಗೆ ಎಲ್ಲರೂ ಬಳಸುವ ಎಚ್‌ಡಿಆರ್ ಫೈಲ್ ಕೂಡ ಹುಟ್ಟಿದ್ದು ರೇಡಿಯನ್ಸ್‌ನಲ್ಲೇ.

2004ರ ಕೊನೆಗೆ ಮ್ಯಾಡ್ರಿಡ್‌ನ ನೆಕ್ಸ್ಟ್ ಲಿಮಿಟ್ ಕಂಪನಿ ಮ್ಯಾಕ್ಸ್‌ವೆಲ್ ರೆಂಡರಿನ ಪ್ರಾಯೋಗಿಕ ಆವೃತ್ತಿ ತಂದಾಗ 'ಪಕ್ಷಪಾತ'ದ ಜಗಳ ಎದ್ದಿತು. ವಿ-ರೇಯಂಥವು ಪಕ್ಷಪಾತಿ, ನಮ್ಮದು ನಿಷ್ಪಕ್ಷಪಾತಿ ಅನ್ನುವ ವಾದ. ಇದು ಸಂಖ್ಯಾಶಾಸ್ತ್ರದ ಮಾತು. ಅಗುಳು ಹಿಚುಕುವ ವಿಧಾನದಲ್ಲಿ ತಪ್ಪು ನುಣ್ಣಗೆ ಬಳಿದುಕೊಂಡು ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಿಷ್ಪಕ್ಷಪಾತಿಯಲ್ಲಿ ತಪ್ಪು ಚುಕ್ಕಿಯಾಗಿ ಎದ್ದು ಕಾಣುತ್ತದೆ, ಕಾದರೆ ಕರಗುತ್ತದೆ. ಕಾಯುವುದು ಅಂದರೆ ಗಂಟೆಗಟ್ಟಲೆ!

ಆಮೇಲೆ ಕಂಪ್ಯೂಟರುಗಳೇ ವೇಗವಾದವು. ಕಜಿಯ ಅವರ ದಾರಿ ಕೊನೆಗೂ ಕೈಗೆಟುಕಿತು. 2009ರಲ್ಲಿ ಪ್ರಾಗ್‌ನ ವಿದ್ಯಾರ್ಥಿಯೊಬ್ಬರ ಕೆಲಸವಾಗಿ ಕೊರೋನಾ ಶುರುವಾಯಿತು. 2011ರಲ್ಲಿ ಬ್ಲೆಂಡರ್‌ಗೆ ಸೈಕಲ್ಸ್ ಬಂತು. ಇನ್ನೊಂದು ಕಡೆ ಟ್ವಿನ್‌ಮೋಷನ್, 2010ರ ಲುಮಿಯಾನ್, ಆಮೇಲಿನ ಎನ್‌ಸ್ಕೇಪ್ ಇವು ಆಟಗಳ ತಂತ್ರ ಬಳಸಿ ಕ್ಷಣದಲ್ಲಿ ಚಿತ್ರ ಕೊಡತೊಡಗಿದವು. ಎಷ್ಟೋ ವರ್ಷ ಮ್ಯಾಕ್ಸ್ ಜೊತೆಗೇ ಬರುತ್ತಿದ್ದ ಮೆಂಟಲ್ ರೇ 2017ರಲ್ಲಿ ನಿಂತುಹೋಯಿತು. ಅದೇ ವರ್ಷ ಕೊರೋನಾ, 2022ರಲ್ಲಿ ಎನ್‌ಸ್ಕೇಪ್, ಎರಡೂ ಕೇಯಾಸ್ ಜೊತೆ ಸೇರಿದವು. ಅಂದರೆ ವಿ-ರೇಯೋ ಕೊರೋನಾವೋ ಅಂತ ಜಗಳವಾಡಿದರೂ ದುಡ್ಡು ಹೋಗುವುದು ಒಂದೇ ಗಲ್ಲಾಪೆಟ್ಟಿಗೆಗೆ.

ಹಾಗಾದರೆ ಯಾವುದು ಒಳ್ಳೆಯದು? ಆರ್ಕಿಟೆಕ್ಟ್ ಗೋಡೆಯನ್ನು ಅತ್ತಿತ್ತ ಸರಿಸಿ ನೋಡುತ್ತಾ ವಿನ್ಯಾಸ ಮಾಡುವಾಗ ಲುಮಿಯಾನ್, ಎನ್‌ಸ್ಕೇಪ್ ಥರದವು ಸಾಕು. ಅಂತಿಮ ಚಿತ್ರಕ್ಕೆ ವಿ-ರೇ, ಕೊರೋನಾ, ಸೈಕಲ್ಸ್. ನುರಿತ ಕೈಯಿದ್ದರೆ ಇವುಗಳ ನಡುವಿನ ವ್ಯತ್ಯಾಸ ನೋಡುವವರಿಗೆ ಕಾಣುವುದು ಕಷ್ಟ. ಓದುವ ಕೋಣೆಗೆ, ತರಗತಿಗೆ ಹಗಲು ಎಷ್ಟು ಬೆಳಕು ಸಿಗುತ್ತದೆ ಅಂತ ತಿಳಿಯಬೇಕಾದರೆ ರೇಡಿಯನ್ಸ್. ಅದು ಇವತ್ತಿಗೂ ಉಚಿತ, ಆದರೆ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪು ಮಾಡುವ ತಾಳ್ಮೆ ಇರಬೇಕು.

ಇಷ್ಟೆಲ್ಲ ಆದಮೇಲೂ ಜಾಹೀರಾತಿನ ಚಿತ್ರ ಯಾಕೆ ಮೋಸ ಮಾಡುತ್ತದೆ? ಬೆಳಕಿನ ಲೆಕ್ಕ ಪಕ್ಕಾ, ಆದರೆ ಪಕ್ಕದ ಕಟ್ಟಡವೇ ಲೆಕ್ಕದಲ್ಲಿಲ್ಲ! ಊರಿನ ಅಕ್ಷಾಂಶ, ತಾರೀಖು, ಗಂಟೆ ಕೊಟ್ಟರೆ ಸೂರ್ಯನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಸೌಲಭ್ಯ ಈ ತಂತ್ರಾಂಶಗಳಲ್ಲಿ ಸಾಮಾನ್ಯ. ಅದನ್ನು ಬಿಟ್ಟು, ಬೆಂಗಳೂರಿನ ಉತ್ತರ ದಿಕ್ಕಿನ ಕಿಟಕಿಯಿಂದ ಡಿಸೆಂಬರ್ ತಿಂಗಳ ಬಿಸಿಲು ಒಳಗೆ ಬೀಳುವಂತೆ ಮಾಡಲೂ ಬರುತ್ತದೆ. ಯಾವ ರೆಂಡರರೂ ಬೇಡ ಅನ್ನುವುದಿಲ್ಲ. ಕೊಟ್ಟ ಜಗತ್ತಿನಲ್ಲಿ ಬೆಳಕು ಹೇಗಿರುತ್ತದೆ ಅಂತ ಅದು ಹೇಳುತ್ತದೆಯೇ ಹೊರತು ಆ ಜಗತ್ತು ಇದೆಯೇ ಅಂತ ಕೇಳುವುದಿಲ್ಲ. ನಿಷ್ಪಕ್ಷಪಾತಿ ತಂತ್ರಾಂಶವಾದರೂ ಅಷ್ಟೆ.

ಇಪ್ಪತ್ತು ವರ್ಷ ಕಂತು ಕಟ್ಟುವವರಿಗೆ ಇದು ಸಣ್ಣ ವಿಷಯವಲ್ಲ. 2016ರ ರೇರಾ ಕಾಯ್ದೆಯ 12ನೇ ಕಲಮು ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಫ್ಲಾಟ್ ನಂಬಿ ಹಣ ಕೊಟ್ಟವರು ಅದರಲ್ಲಿನ ಸುಳ್ಳಿನಿಂದ ನಷ್ಟಪಟ್ಟರೆ ಪರಿಹಾರ ಕೊಡಬೇಕು ಅನ್ನುತ್ತದೆ. ಹಾಗಾಗಿ ಬುಕಿಂಗ್ ಮಾಡುವ ಮುಂಚೆ ಆ ಚಿತ್ರವನ್ನು ಜೋಪಾನವಾಗಿ ಎತ್ತಿಡಿ. ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಈ ಬಿಸಿಲು ಯಾವ ತಿಂಗಳು, ಎಷ್ಟು ಗಂಟೆಯದು? ಈ ಕಿಟಕಿ ಯಾವ ದಿಕ್ಕಿಗಿದೆ? ಅಕ್ಕಪಕ್ಕದ ಕಟ್ಟಡಗಳನ್ನು ಚಿತ್ರದಲ್ಲಿ ಸೇರಿಸಿದ್ದೀರಾ? ತಂತ್ರಾಂಶದ ಹೆಸರು ಕೇಳುವ ಅಗತ್ಯವಿಲ್ಲ.

ನಿಮ್ಮಲ್ಲಿ ಆರ್ಕಿಟೆಕ್ಟುಗಳು, ಈ ಚಿತ್ರಗಳನ್ನು ಮಾಡುವವರು ಯಾರಾದರೂ ಇದ್ದರೆ ಹೇಳಿ, ಅಕ್ಕಪಕ್ಕದ ಕಟ್ಟಡಗಳನ್ನೂ ಸೇರಿಸಿ ಚಿತ್ರ ಮಾಡಿಕೊಡಿ ಅಂತ ನಿಮ್ಮನ್ನು ಇದುವರೆಗೆ ಎಷ್ಟು ಗಿರಾಕಿಗಳು ಕೇಳಿದ್ದಾರೆ?